ಒಂದೂಕಾಲು ಇಂಚು

ಜಿಮ್ಮಿನ ಮೇಷ್ಟ್ರಿಗೆ ಟೇಪಿನ ಮೇಲೇ ಅನುಮಾನ ಬಂತು. ಅದನ್ನು ಅಡಿಕೋಲಿನ ಪಕ್ಕ ಹಿಡಿದು ನೋಡಿದರು. ಸರಿಯಾಗೇ ಇತ್ತು. ಮತ್ತೆ ಇಸ್ತ್ರಿಯಕ್ಕನ ಬಲತೋಳಿಗೆ ಸುತ್ತಿದರು.

“ಮಡಚು. ಬಿಗಿ ಮಾಡು. ಇನ್ನೂ. ಹದಿಮೂರೂವರೆ.” ಎಡತೋಳಿಗೆ ಸುತ್ತಿದರು. “ಹನ್ನೆರಡೂಕಾಲು.”

“ಅಂದ್ರೆ ಏನು ಮೇಷ್ಟ್ರೇ?”

“ಅಂದ್ರೆ ಒಂದೂಕಾಲು ಇಂಚು ವ್ಯತ್ಯಾಸ ಕಣಮ್ಮ. ಇವು ಒಬ್ಬಳ ಕೈಗಳಲ್ಲ. ಒಂದು ಅಕ್ಕಂದು, ಇನ್ನೊಂದು ತಂಗೀದು.”

ಇಸ್ತ್ರಿಯಕ್ಕ ನಕ್ಕಳು. ಮೇಷ್ಟ್ರು ನಗಲಿಲ್ಲ.

ಅವಳ ನಿಜವಾದ ಹೆಸರು ಲಾಂಡ್ರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದವರಿಗೆಲ್ಲ ಅವಳು ಇಸ್ತ್ರಿಯಕ್ಕ. ವಯಸ್ಸು ನಲವತ್ತಮೂರು. ಅದರಲ್ಲಿ ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು ಕಳೆದವಳು. ಒಂದು ಆಸ್ಪತ್ರೆಯ ಮತ್ತು ಒಂದು ದೊಡ್ಡ ಹೋಟೆಲಿನ ಬಟ್ಟೆಯೆಲ್ಲ ಆ ಲಾಂಡ್ರಿಗೇ ಬರುತ್ತಿತ್ತು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ, ಚಾವಣಿಯಿಂದ ಇಳಿಬಿಟ್ಟ ವೈರಿನ ತುದಿಯ ಭಾರದ ಇಸ್ತ್ರಿಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು ತಳ್ಳುವುದು, ಎಳೆಯುವುದು, ಎತ್ತಿ ನಿಲ್ಲಿಸುವುದು. ಹತ್ತೊಂಬತ್ತು ವರ್ಷ ಬಲಗೈ ದುಡಿಯಿತು. ಎಡಗೈ ಪಕ್ಕದಲ್ಲಿ ಬಟ್ಟೆಯ ಅಂಚು ಹಿಡಿದುಕೊಂಡು, ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಮೈ ಬಗ್ಗಿಸದೆ ಇತ್ತು.

ಭುಜ ನೋವು ಎಂದು ಡಾಕ್ಟರ ಹತ್ತಿರ ಹೋದಾಗ ಅವರು ವ್ಯಾಯಾಮ ಮಾಡಮ್ಮ ಎಂದಿದ್ದರು. ಟೈರ್ ಅಂಗಡಿಯ ಪಕ್ಕದ ಹಳೇ ಗೋದಾಮಿನಲ್ಲಿ ಮೇಷ್ಟ್ರ ಜಿಮ್ ಇತ್ತು. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಭಾರ ಎತ್ತಿ ಹೆಸರು ಮಾಡಿದವರು ಮೇಷ್ಟ್ರು. ಈಗ ಮಂಡಿ ಕೈಕೊಟ್ಟು ಸ್ಟೂಲಿನ ಮೇಲೆ ಕೂತು ಬಯ್ಯುವುದರಲ್ಲಿ ಹೆಸರು ಮಾಡಿದ್ದರು. ಮೂರೂವರೆಯಿಂದ ಐದರವರೆಗೆ ಹೆಂಗಸರ ಸಮಯ. ಇಸ್ತ್ರಿಯಕ್ಕ ಸೇರಿದ ಎರಡೇ ತಿಂಗಳಲ್ಲಿ ನೋವು ಹೋಯಿತು. ಅವಳು ಹೋಗಲಿಲ್ಲ.

ಜಿಮ್ಮಿನ ಗೋಡೆಯ ಮೇಲೆ ಒಂದು ಪೋಸ್ಟರ್ ಇತ್ತು. ಮೈಕಟ್ಟು ತೋರಿಸುವ ಹೆಂಗಸರ ಫಿಗರ್ ಸ್ಪರ್ಧೆಯದು. ಅದರಲ್ಲೊಬ್ಬಳು ಬೆನ್ನು ತೋರಿಸಿ, ಎರಡೂ ತೋಳು ಎತ್ತಿ ನಿಂತಿದ್ದಳು. ಬೆನ್ನೋ, ಕಲ್ಲಲ್ಲಿ ಕಡೆದಿಟ್ಟಂತಿತ್ತು.

“ಇವಳಿಗೆಷ್ಟು ವಯಸ್ಸು ಮೇಷ್ಟ್ರೇ?”

“ನಲವತ್ತಾರು.”

ಆವತ್ತಿನಿಂದ ಅವಳು ಪ್ರತಿಸಲ ಭಾರ ಇಳಿಸಿದಾಗಲೂ ಒಮ್ಮೆ ಆ ಪೋಸ್ಟರ್ ನೋಡುತ್ತಿದ್ದಳು. ಒಂದು ವರ್ಷ ಹೀಗೇ ನೋಡಿದ ಮೇಲೆ ಬಾಯಿ ಬಿಟ್ಟಳು. “ನಾನೂ ಒಂದು ಸಲ ನಿಂತ್ಕೋಬೇಕು ಮೇಷ್ಟ್ರೇ. ಗೆಲ್ಲೋದು ಬಿಡೋದು ಆಮೇಲೆ. ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಬೇರೆಯವರ ಮೈಮೇಲೆ ಮಿಂಚ್ತಾ ಇದೆ. ಒಂದೇ ಒಂದು ಸಲ ನನ್ನ ಮೈಮೇಲೇ ಮಿಂಚಲಿ.”

ಅದಕ್ಕೇ ಮೇಷ್ಟ್ರು ಟೇಪು ತೆಗೆದದ್ದು.

“ಕೇಳು. ಫಿಗರ್ ಅಂದ್ರೆ ಬರೀ ದಪ್ಪ ತೋಳಲ್ಲ. ಎಡ ಬಲ ಎರಡೂ ಒಂದೇ ಸಮ ಇರಬೇಕು. ಜಡ್ಜುಗಳು ಮೊದಲು ನೋಡೋದೇ ಅದನ್ನ. ನಿನ್ನ ಬೆನ್ನು ಚೆನ್ನಾಗಿದೆ, ಕಾಲು ಚೆನ್ನಾಗಿದೆ. ಆದ್ರೆ ಹೀಗೇ ಹೋಗಿ ನಿಂತ್ರೆ ಜನ ಏನಂತಾರೆ ಗೊತ್ತಾ? ಒಂದು ಕಡೆ ಚಕ್ರದ ಗಾಳಿ ಹೋಗಿದೆ ಅಂತಾರೆ. ನಾನು ಯಾರನ್ನೂ ನಗೆಪಾಟಲಾಗಿ ಬರೋಕೆ ಕಳ್ಸಲ್ಲ. ಹೆಸರು ಕೊಡೋಕೆ ಇನ್ನು ಹದಿನಾರು ವಾರ ಇದೆ. ಅಷ್ಟರೊಳಗೆ ಈ ವ್ಯತ್ಯಾಸ ಅರ್ಧ ಇಂಚಿಗಿಂತ ಕಮ್ಮಿ ಮಾಡು. ಫಾರಮ್ಮಿಗೆ ನಾನೇ ಸಹಿ ಹಾಕ್ತೀನಿ. ಆಗ್ಲಿಲ್ವಾ, ಈ ವರ್ಷ ಸುಮ್ನಿರು.”

ನಾಲ್ಕು ವಾರ ಅವಳು ಜಿಮ್ಮಿನಲ್ಲಿ ಎಡಗೈಗೆ ಹೆಚ್ಚು ಹೆಚ್ಚು ಕೆಲಸ ಕೊಟ್ಟಳು. ಡಂಬೆಲ್ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಕೊನೆಗೆ ಮತ್ತೊಂದು ಸಲ ಎಡಕ್ಕೆ. ಐದನೇ ವಾರದ ಸೋಮವಾರ ಟೇಪು ಬಂತು. ಎಡ ಸ್ವಲ್ಪ ಏರಿತ್ತು. ಬಲವೂ ಏರಿತ್ತು. ಒಂದೂಕಾಲು ಇಂಚು ಅಲುಗಾಡದೆ ಅಲ್ಲೇ ಕೂತಿತ್ತು.

ಇಸ್ತ್ರಿಯಕ್ಕ ಬೆಂಚಿನ ಮೇಲೆ ಕುಸಿದಳು. ಸ್ವಲ್ಪ ಹೊತ್ತು ತನ್ನ ಕೈಗಳನ್ನೇ ನೋಡುತ್ತಿದ್ದು, ಇದ್ದಕ್ಕಿದ್ದಂತೆ ಎದ್ದಳು.

“ಮೇಷ್ಟ್ರೇ, ಇಲ್ಲಿ ಎಡಗೈಗೆ ಒಂದು ಗಂಟೆ. ಅಲ್ಲಿ ಬಲಗೈಗೆ ಎಂಟು ಗಂಟೆ. ನನ್ನ ನಿಜವಾದ ಜಿಮ್ಮು ಇದಲ್ಲ, ಲಾಂಡ್ರಿ!”

“ಹೌದು. ಅದಕ್ಕೇನೀಗ? ಕೆಲಸ ಬಿಡ್ತೀಯಾ?”

“ಕೆಲಸ ಯಾಕೆ ಬಿಡಲಿ? ಕೈ ಬದಲಾಯಿಸ್ತೀನಿ.”

ಮೇಷ್ಟ್ರು ಸ್ಟೂಲಿನ ಮೇಲಿಂದ ಬೀಳುವುದೊಂದು ಬಾಕಿ.

ಮನೆಯಲ್ಲಿ ಅವಳ ಗಂಡ ಮತ್ತು ಅತ್ತೆ ಇದ್ದರು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಅವನ ಉಗುರಿನ ಸಂದಿಯಲ್ಲಿ ಯಾವತ್ತೂ ಯಾರದೋ ಮನೆಯ ಗೋಡೆಯ ಬಣ್ಣ ಇರುತ್ತಿತ್ತು. ಅತ್ತೆ ನಲವತ್ತು ವರ್ಷ ಟೈಲರಿಂಗ್ ಮಾಡಿ ಈಗ ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ಕೂತವರು. ಕನ್ನಡಕ ದಪ್ಪವಾದರೂ ಅವರ ಕಣ್ಣು ತಪ್ಪಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಇಸ್ತ್ರಿಯಕ್ಕ ಎಡಗೈಯಲ್ಲಿ ಹಲ್ಲುಜ್ಜಿದಳು, ಮೂಗಿಗೂ ಗಲ್ಲಕ್ಕೂ ಪೇಸ್ಟ್ ಬಳಿದುಕೊಂಡಳು. ಎಡಗೈಯಲ್ಲಿ ಕಸ ಗುಡಿಸಿದಳು, ಕಸ ಇದ್ದ ಕಡೆಯಿಂದ ಇಲ್ಲದ ಕಡೆಗೆ ಹೋಯಿತು. ಎಡಗೈಯಲ್ಲಿ ಮೊಟ್ಟೆ ಒಡೆದಳು, ಅರ್ಧ ಪಾತ್ರೆಗೆ, ಅರ್ಧ ಒಲೆಗೆ.

“ಏನೇ ಇದು? ಬಲಗೈಗೇನು ಬಂತು ರೋಗ?” ಎಂದರು ಅತ್ತೆ.

“ಬಲಗೈಗೆ ರಜೆ ಅತ್ತೆ.”

“ರಜೆಯಂತೆ! ನನ್ನ ಬಲಗೈಗೆ ಯಾರೂ ರಜೆ ಕೊಟ್ಟಿಲ್ಲ ಇವತ್ತಿನವರೆಗೂ.”

ಸಂಜೆ ಹೊತ್ತು ಗಂಡನ ಕೆಲಸದ ಅಂಗಿಗಳ ಮೇಲೆ ಎಡಗೈ ಇಸ್ತ್ರಿ ಅಭ್ಯಾಸ ನಡೆಯಿತು. ಎರಡು ಜೇಬು ಸುಟ್ಟವು, ಒಂದು ಕಾಲರ್ ಕಮರಿತು. ಗಂಡ ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಗರಿಗರಿ ಅಂಗಿ ತೊಟ್ಟು, ಮೇಲೆ ಸುಣ್ಣದ ಚುಕ್ಕೆಗಳ ಜೊತೆ ಹೊರಟು ನಿಂತು, “ಲೇ, ಜೊತೆಯವರು ಕೇಳ್ತಾರೆ, ಗೋಡೆ ನೋಡೋಕೆ ಹೋಗ್ತಿದೀಯಾ ಹೆಣ್ಣು ನೋಡೋಕಾ ಅಂತ” ಎಂದ.

“ಏನಂದ್ರಿ ಅದಕ್ಕೆ?”

“ಹೆಣ್ಣು ಮನೇಲೇ ಇದಾಳೆ, ಹತ್ತಿರ ಹೋದ್ರೆ ಒಂದೇ ಕೈಯಲ್ಲಿ ಎತ್ತಿ ಬಿಸಾಕ್ತಾಳೆ ಅಂದೆ.”

“ಈಗ ಎರಡು ಕೈಯಲ್ಲೂ.”

ಏಳನೇ ವಾರ, ಕೈ ಪಳಗಿತು ಎನಿಸಿದ ಮೇಲೆ, ಇಸ್ತ್ರಿಯಕ್ಕ ಲಾಂಡ್ರಿಯಲ್ಲೂ ಪೆಟ್ಟಿಗೆಯನ್ನು ಎಡಗೈಗೆ ತೆಗೆದುಕೊಂಡಳು. ಯಾರಿಗೂ ಹೇಳಲಿಲ್ಲ. ಮೊದಲೆರಡು ದಿನ ಮೇಜಿನ ಮೇಲೆ ಬರೀ ಬೆಡ್‌ಶೀಟು, ದಿಂಬಿನ ಕವರು. ಸಲೀಸಾಗಿ ಹೋಯಿತು. ಬುಧವಾರ ಬಿಳಿ ಕೋಟುಗಳು ಬಂದವು.

ಬಿಳಿ ಕೋಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆಸ್ಪತ್ರೆಯ ಡಾಕ್ಟರುಗಳದ್ದೂ ಬಿಳಿ ಕೋಟು, ಹೋಟೆಲಿನ ಅಡುಗೆಯವರದ್ದೂ ಬಿಳಿ ಕೋಟು. ಬಟ್ಟೆಯೂ ಒಂದೇ ಥರದ್ದು. ಮಡಿಸಿಟ್ಟರೆ ಯಾವುದು ಯಾರದೆಂದು ದೇವರಿಗೂ ಗೊತ್ತಾಗದು. ಅದಕ್ಕೆ ಯಾವ ಕಾಲದಲ್ಲೋ ಯಾರೋ ಒಂದು ಉಪಾಯ ಮಾಡಿಟ್ಟಿದ್ದರು. ಆಸ್ಪತ್ರೆಯ ಕೋಟಿನ ಮಡಿಕೆ ಬಲಕ್ಕೆ ಬರಬೇಕು, ಹೋಟೆಲಿನದು ಎಡಕ್ಕೆ. ಲಾರಿಗೆ ತುಂಬುವವನು ಕೋಟು ಬಿಚ್ಚಿ ನೋಡುವುದಿಲ್ಲ; ಮಡಿಕೆ ಎತ್ತ ಇದೆ ಎಂದಷ್ಟೇ ನೋಡಿ ಆ ಕಡೆಯ ಬುಟ್ಟಿಗೆ ಹಾಕುತ್ತಾನೆ. ಬಲಗೈಯವರು ಮಡಿಸಿದರೆ ಮಡಿಕೆ ತಾನಾಗೇ ಬಲಕ್ಕೆ ಬೀಳುತ್ತದೆ. ಹೋಟೆಲಿನ ಕೋಟಿಗೆ ಮಾತ್ರ ಕೊನೆಯಲ್ಲಿ ಒಂದು ಸಲ ಹೆಚ್ಚಿಗೆ ಮಗುಚಬೇಕು. ಆ ಒಂದು ಮಗುಚಿಗಾಗಿ ಇಡೀ ಲಾಂಡ್ರಿಯ ಹೆಂಗಸರು ಹೋಟೆಲಿನವರಿಗೆ ಹಿಡಿಶಾಪ ಹಾಕುತ್ತಿದ್ದರು.

ಇಸ್ತ್ರಿಯಕ್ಕ ಅವತ್ತು ನೂರಹತ್ತು ಕೋಟು ಮುಗಿಸಿದಳು. ಒಂದರಲ್ಲೂ ಒಂದು ಸುಕ್ಕಿಲ್ಲ. ಎಡತೋಳು ಸೇದುತ್ತಿತ್ತು, ಹಿತವಾಗಿ. ಹಾಡು ಗುನುಗಿಕೊಂಡು ಮನೆಗೆ ಹೋದಳು.

ಮರುದಿನ ಹತ್ತು ಗಂಟೆಗೆ ಸೂಪರ್‌ವೈಸರ್ ಫೋನು ಕಿವಿಗಿಟ್ಟುಕೊಂಡೇ ಓಡಿಬಂದ. ಮುಖ ಬೆಂದ ಬೀಟ್‌ರೂಟಾಗಿತ್ತು.

“ಅಕ್ಕಾ! ನಿನ್ನೆ ಕೋಟು ಯಾರು ಮಾಡಿದ್ದು? ನೀವಲ್ವಾ? ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟ್ರು ನೋಡ್ದೇ ಅಡುಗೆಯವರ ಕೋಟು ಹಾಕ್ಕೊಂಡು ವಾರ್ಡಿಗೆ ಹೋಗಿದಾರೆ. ಎರಡು ಸಾಲು ಗುಂಡಿ! ಒಬ್ಬ ಪೇಷೆಂಟು, ‘ಸಾರ್, ಇವತ್ತು ಊಟಕ್ಕೇನು’ ಅಂತ ಕೇಳಿದಾನೆ!”

ಮೇಜುಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ನಗಬೇಡಿ! ಹೋಟೆಲಲ್ಲಿ ಅಡುಗೆಯವನು ಡಾಕ್ಟ್ರ ಕೋಟಿನ ಜೇಬಲ್ಲಿ ಸೌಟು ಸಿಕ್ಕಿಸ್ಕೊಂಡು ಓಡಾಡ್ತಿದಾನಂತೆ!”

ಈಗ ಇಡೀ ಲಾಂಡ್ರಿ ಹೊಟ್ಟೆ ಹಿಡಿದುಕೊಂಡಿತು. ಇಸ್ತ್ರಿಯಕ್ಕನೊಬ್ಬಳಿಗೆ ನಗು ಬರಲಿಲ್ಲ. ಅವಳಿಗೆ ಥಟ್ಟನೆ ಹೊಳೆದಿತ್ತು. ಕೈ ಬದಲಾಗಿತ್ತು, ರೂಢಿ ಬದಲಾಗಿರಲಿಲ್ಲ. ಎಡಗೈಯಲ್ಲಿ ಮಡಿಸಿದ್ದಕ್ಕೆ ಆಸ್ಪತ್ರೆಯ ಕೋಟೆಲ್ಲ ತಾನಾಗೇ ಎಡಕ್ಕೆ ಬಿದ್ದಿದ್ದವು. ಹೋಟೆಲಿನವನ್ನು ಹತ್ತೊಂಬತ್ತು ವರ್ಷದ ರೂಢಿಯಂತೆ ಮಗುಚಿದ್ದಕ್ಕೆ ಅವು ಬಲಕ್ಕೆ ಹೋಗಿದ್ದವು. ನೂರಹತ್ತಕ್ಕೆ ನೂರಹತ್ತೂ ಅದಲುಬದಲು!

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಸ್ಪರ್ಧೆ, ಟೇಪು, ಎಡಗೈ ಎಲ್ಲ ಒಂದೇ ಉಸಿರಿಗೆ ಒದರಿಬಿಟ್ಟಳು. ಸೂಪರ್‌ವೈಸರ್ ಬಾಯಿ ಬಿಟ್ಟುಕೊಂಡು ಕೇಳಿದ.

“ಅಕ್ಕ, ನಿಮ್ಮ ಆಸೆಗೆ ನಾನು ಅಡ್ಡ ಬರಲ್ಲ. ಆದ್ರೆ ನನ್ನ ತಲೆ ನಾನು ಕಾಯ್ಕೋಬೇಕಲ್ಲ? ಇವತ್ತಿಂದ ಬಲಗೈ. ಇನ್ನೊಂದ್ಸಲ ಎಡಗೈಯಲ್ಲಿ ಪೆಟ್ಟಿಗೆ ಕಂಡ್ರೆ ಒಗೆಯೋ ಕಡೆ ಹಾಕಿಬಿಡ್ತೀನಿ.”

ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ಬಲಗೈಗೆ ತೆಗೆದುಕೊಂಡಳು. ಒಂದೊಂದು ಸಲ ತಳ್ಳಿದಾಗಲೂ ಟೇಪಿನ ಗೆರೆಗಳು ಕಣ್ಣ ಮುಂದೆ ಹಿಂದಕ್ಕೆ ಸರಿಯುತ್ತಿದ್ದವು. ಸ್ಪರ್ಧೆಯ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಊಟದ ಹೊತ್ತಿನಲ್ಲಿ ಬೇಯಿಸಿದ ಕೋಳಿ ಡಬ್ಬಿಯಲ್ಲೇ ಆರಿತು. ಸುಮ್ಮನೆ ಕೂರಲಾರದೆ ಕೈ ಒರೆಸುವ ಬಟ್ಟೆಯನ್ನು ಎಡಗೈಯಲ್ಲಿ ಮಡಿಸಿದಳು, ಬಿಚ್ಚಿದಳು, ಮಡಿಸಿದಳು. ಮಡಿಕೆ ಎಡಕ್ಕೆ ಬಿತ್ತು. ಮತ್ತೆ ಎಡಕ್ಕೇ ಬಿತ್ತು. ಮಗುಚದೆ. ತಾನಾಗೇ.

ಡಬ್ಬಿ ಅಲ್ಲೇ ಬಿಟ್ಟು ಎದ್ದಳು.

“ಸಾರ್, ಗಡಿಯಾರ ನೋಡ್ಕೊಳ್ಳಿ. ಹತ್ತು ಹೋಟೆಲ್ ಕೋಟು ನನಗೆ, ಹತ್ತು ಮೂಲೆ ಮೇಜಿನವಳಿಗೆ. ಅವಳು ಬಲಗೈ, ನಾನು ಎಡಗೈ.”

ಮೂಲೆ ಮೇಜಿನವಳು ಲಾಂಡ್ರಿಗೇ ವೇಗದವಳು. ಅವಳ ಕೈ ಕಣ್ಣಿಗೆ ಕಾಣುವುದೇ ಅಪರೂಪ. ಸೂಪರ್‌ವೈಸರ್ ಗೊಣಗುತ್ತಲೇ ಗಡಿಯಾರ ನೋಡಿದ. ಎರಡು ಪೆಟ್ಟಿಗೆಗಳೂ ಬುಸುಗುಟ್ಟಿದವು. ನಾಲ್ಕನೇ ಕೋಟಿನವರೆಗೆ ಇಬ್ಬರೂ ಸಮಸಮ. ಆಮೇಲೆ ಆ ಒಂದೊಂದೇ ಮಗುಚು ಸೇರಿ ಸೇರಿ ಮೂಲೆ ಮೇಜಿನವಳು ಹಿಂದೆ ಬಿದ್ದಳು. ಇಸ್ತ್ರಿಯಕ್ಕ ಹತ್ತನೆಯದನ್ನು ತಟ್ಟಿ ಇಟ್ಟಾಗ ಅವಳ ಕೈಯಲ್ಲಿ ಒಂಬತ್ತನೆಯದು ಇನ್ನೂ ಅರ್ಧಕ್ಕಿತ್ತು.

ಸೂಪರ್‌ವೈಸರ್ ಹತ್ತು ಕೋಟನ್ನೂ ಒಂದೊಂದಾಗಿ ಮುಟ್ಟಿ ನೋಡಿದ. ಹತ್ತೂ ಎಡ ಮಡಿಕೆ.

“ಹೋಟೆಲ್ ಕೋಟೆಲ್ಲ ನನಗೆ ಕೊಟ್ಬಿಡಿ” ಎಂದಳು ಇಸ್ತ್ರಿಯಕ್ಕ. “ಆಸ್ಪತ್ರೇದು ಇವರೆಲ್ಲ ಮಾಡಲಿ. ಯಾರೂ ಮಗುಚೋದೇ ಬೇಡ.”

“ಕೊಡಿ ಸಾರ್, ಕೊಡಿ! ಪುಣ್ಯ ಬರುತ್ತೆ ನಿಮಗೆ!” ಎಂದು ಸೋತ ಮೂಲೆ ಮೇಜಿನವಳೇ ಎಲ್ಲರಿಗಿಂತ ಜೋರಾಗಿ ಕೂಗಿದಳು.

ಸೂಪರ್‌ವೈಸರ್ ತಲೆ ಕೆರೆದುಕೊಂಡ. “ಆಯ್ತು. ಆದ್ರೆ ಆಸ್ಪತ್ರೆ ಕೋಟು ಒಂದನ್ನೂ ಮುಟ್ಟಬೇಡಿ ಅಕ್ಕ. ಕೈ ಮುಗೀತೀನಿ.”

ಅಲ್ಲಿಂದ ವಾರಗಳು ಓಡಿದವು. ವ್ಯತ್ಯಾಸ ಒಂದು ಇಂಚಿಗೆ ಇಳಿಯಿತು, ಆಮೇಲೆ ಮುಕ್ಕಾಲಕ್ಕೆ, ಅಲ್ಲೇ ಎರಡು ವಾರ ಹಟ ಹಿಡಿದು ಕೂತಿತು. ಊಟ ಕಡಿಮೆಯಾಗುತ್ತಾ ಬಂತು. ಅಳೆದು ತೂಗಿ ಬೇಯಿಸಿದ ಕೋಳಿ, ಮೊಟ್ಟೆಯ ಬಿಳಿ, ಸೌತೆಕಾಯಿ. ಬಸ್‌ಸ್ಟಾಪಿನ ಪಕ್ಕದ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬಂದರೆ ಉಸಿರು ಬಿಗಿಹಿಡಿದು ಮುಂದಿನ ಸ್ಟಾಪಿನವರೆಗೆ ನಡೆದುಬಿಡುತ್ತಿದ್ದಳು. ಕೋಪ ಮೂಗಿನ ತುದಿಗೆ ಬಂತು. ಒಮ್ಮೆ ಗಂಡ ಎದುರಿಗೆ ಕೂತು ಬಿಸ್ಕತ್ತು ತಿಂದದ್ದಕ್ಕೆ ಒಂದು ದಿನ ಅವನ ಜೊತೆ ಮಾತು ಬಿಟ್ಟಳು. ಮರುದಿನದಿಂದ ಅವನು ಬಿಸ್ಕತ್ತನ್ನು ಅಂಗಳಕ್ಕೆ ಹೋಗಿ, ಬೆನ್ನು ತಿರುಗಿಸಿ, ಕಳ್ಳನ ಹಾಗೆ ತಿನ್ನತೊಡಗಿದ.

ಸ್ಪರ್ಧೆಗೆ ಹಾಕುವ ಉಡುಪಿನ ಮಾತು ಎತ್ತಲು ಇಸ್ತ್ರಿಯಕ್ಕನಿಗೆ ಭಾರ ಎತ್ತುವುದಕ್ಕಿಂತ ಕಷ್ಟವಾಯಿತು. ಕೊನೆಗೆ ಮೇಷ್ಟ್ರು ಕೊಟ್ಟ ಚಿತ್ರವನ್ನು ಅತ್ತೆಯ ಮುಂದಿಟ್ಟು ನೆಲ ನೋಡುತ್ತಾ ನಿಂತಳು. ಅತ್ತೆ ಚಿತ್ರವನ್ನು ಕನ್ನಡಕದ ಹತ್ತಿರ ತಂದರು, ದೂರ ಹಿಡಿದರು, ತಿರುಗಿಸಿ ಹಿಂಭಾಗವನ್ನೂ ನೋಡಿದರು.

“ಉಳಿದ ಬಟ್ಟೆ ಎಲ್ಲಿ?”

“ಅಷ್ಟೇ ಅತ್ತೆ.”

“ಇಷ್ಟೇನಾ? ಕರ್ಚೀಫಿಗೂ ಇದಕ್ಕಿಂತ ಜಾಸ್ತಿ ಬೇಕಲ್ಲೇ.”

ಅತ್ತೆ ಎರಡು ದಿನ ಆ ಚಿತ್ರದ ಬಗ್ಗೆ ಚಕಾರ ಎತ್ತಲಿಲ್ಲ. ಮೂರನೇ ದಿನ, ಅವಳು ಜಿಮ್ಮಿನಿಂದ ಬರುವಾಗ, ಹೊಲಿಗೆ ಯಂತ್ರದ ಮೇಲಿನ ಮುಸುಕು ತೆಗೆದಿತ್ತು.

“ಬಾ ಇಲ್ಲಿ. ನೆಟ್ಟಗೆ ನಿಲ್ಲು. ಅಂಗಡೀಲಿ ತಂದ್ರೆ ಆ ಹೊಲಿಗೆ ಸ್ಟೇಜ್ ಮೇಲೆ ಪರಕ್ ಅಂದ್ರೆ ಏನು ಗತಿ? ಬಟ್ಟೆ ಇಷ್ಟು ಕಮ್ಮಿ ಇದ್ದಾಗ ಒಂದೊಂದು ಹೊಲಿಗೆಗೂ ಮಾನ ಕಾಯೋ ಕೆಲಸ ಇರುತ್ತೆ. ನಾನು ಮೂರು ಸಲ ಹೊಡೀತೀನಿ.”

ಕಡುಹಸಿರು ಬಟ್ಟೆ, ಅಂಚಿಗೆ ಒಂದೊಂದೇ ಮಣಿ. ಅಳತೆ ತೆಗೆಯುವಾಗ ಅತ್ತೆಯ ಬೆರಳು ಸೊಸೆಯ ಭುಜದ ಮೇಲೆ ಸ್ವಲ್ಪ ಹೊತ್ತು ನಿಂತಿತು. “ಕಲ್ಲಾಗಿದೀಯಲ್ಲೇ ನೀನು” ಎಂದರು. ಅದು ಬೈಗುಳವಲ್ಲ ಎಂದು ಇಸ್ತ್ರಿಯಕ್ಕನಿಗೆ ಗೊತ್ತಾಯಿತು.

ಹದಿನಾರನೇ ವಾರದ ಶನಿವಾರ ಟೇಪು ಬಂತು. ಜಿಮ್ಮಿನ ಹೆಂಗಸರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಮೇಷ್ಟ್ರು ಮೊದಲು ಬಲತೋಳಿಗೆ ಸುತ್ತಿದರು.

“ಹದಿಮೂರು.”

ಎಡತೋಳಿಗೆ ಸುತ್ತಿದರು. ಬಿಚ್ಚಿ ಮತ್ತೆ ಸುತ್ತಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಸುತ್ತಿದರು.

“ಮೇಷ್ಟ್ರೇ, ಪ್ರಾಣ ಹೋಗ್ತಿದೆ. ಹೇಳಿ.”

“ನನ್ನ ಪೆನ್ನು ಎಲ್ಲಿಟ್ಟೆ?” ಎಂದು ಮೇಷ್ಟ್ರು ಜೇಬು ತಡಕಿದರು. “ಹನ್ನೆರಡೂಮುಕ್ಕಾಲು ಕಣೇ! ಕಾಲೇ ಇಂಚು!”

ಹೆಂಗಸರು ಹಾಕಿದ ಕೂಗಿಗೆ ಪಕ್ಕದ ಟೈರ್ ಅಂಗಡಿಯವನು ಏನಾಯಿತೆಂದು ಓಡಿಬಂದ. ಫಾರಮ್ಮಿನಲ್ಲಿ ಮೇಷ್ಟ್ರ ಸಹಿಯ ಕೆಳಗೆ ಇಸ್ತ್ರಿಯಕ್ಕನೂ ಸಹಿ ಹಾಕಬೇಕಿತ್ತು. ಅವಳು ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ಅಕ್ಷರಗಳು ಒಂದಕ್ಕೊಂದು ಒರಗಿಕೊಂಡು ನಿಂತವು. ಆದರೂ ನಿಂತವು.

ಎರಡು ವಾರದ ನಂತರ ಒಂದು ಭಾನುವಾರ ಬೆಳಿಗ್ಗೆ ಸ್ಪರ್ಧೆ. ಒಂದು ಶಾಲೆಯ ಸಭಾಂಗಣ. ಸ್ಟೇಜಿನ ಹಿಂದೆ ಬೆಂಚುಗಳನ್ನು ಗೋಡೆಗೆ ಒತ್ತರಿಸಿದ ತರಗತಿಯೊಂದರಲ್ಲಿ ಒಂಬತ್ತು ಜನ ಹೆಂಗಸರು. ಲೈಟಿನ ಬೆಳಕಿಗೆ ಮೈಯ ಗೆರೆಗಳು ಕಾಣಲೆಂದು ಎಲ್ಲರೂ ಕಂದು ಬಣ್ಣ ಹಚ್ಚಿಕೊಳ್ಳಬೇಕು. ಇಸ್ತ್ರಿಯಕ್ಕನಿಗೆ ಹಚ್ಚಲು ಗಂಡ ಮನೆಯಿಂದಲೇ ತನ್ನ ಹೊಸ ಬ್ರಷ್ ತಂದಿದ್ದ.

“ಅಲುಗಾಡಬೇಡ. ಮೊದಲನೇ ಕೋಟ್ ಒಣಗಲಿ. ಗೋಡೆ ಆಗಿದ್ರೆ ಒಂದು ಪ್ರೈಮರ್ ಹೊಡೀತಿದ್ದೆ.”

“ರೀ, ಗೆರೆ ಬಿದ್ದೀತು.”

“ಇಪ್ಪತ್ತು ವರ್ಷದಲ್ಲಿ ನಾನು ಬಳಿದದ್ದರಲ್ಲಿ ಒಂದು ಗೆರೆ ತೋರಿಸು ನೋಡೋಣ.”

ನಿಜಕ್ಕೂ ಆ ಕೋಣೆಯಲ್ಲಿ ಅವಳ ಬಣ್ಣದಷ್ಟು ಸಮನಾದ ಬಣ್ಣ ಇನ್ನೊಬ್ಬರದಿರಲಿಲ್ಲ. ಬಣ್ಣ ಎಳೆಎಳೆಯಾಗಿ ಇಳಿದಿದ್ದ ಇಬ್ಬರು ಬಂದು, “ಅಣ್ಣಾ, ನಮಗೂ ಸ್ವಲ್ಪ ಬೆನ್ನಿಗೆ” ಎಂದು ಕೇಳಿದರು. ಅತ್ತೆ ಸೂಜಿದಾರ ಹಿಡಿದು ಕಾವಲು ನಿಂತಿದ್ದರು. ಗಂಡ ಬ್ರಷ್ ಎತ್ತುವಷ್ಟರಲ್ಲಿ ಕಸಿದುಕೊಂಡು, “ಅದು ನಾನು ಹಚ್ತೀನಿ, ನೀನು ಆಚೆ ನಡಿ” ಎಂದರು.

ಸ್ಟೇಜಿನ ಮೇಲೆ ಮೊದಲ ಕ್ಷಣ ಇಸ್ತ್ರಿಯಕ್ಕನಿಗೆ ಬರೀ ಬೆಳಕು ಕಂಡಿತು. “ಬಲಕ್ಕೆ ತಿರುಗಿ” ಎಂದರು. ತಿರುಗಿದಳು. “ಮತ್ತೆ ಬಲಕ್ಕೆ.” ಈಗ ಬೆನ್ನು ಜನರ ಕಡೆಗಿತ್ತು. ಎರಡೂ ತೋಳು ಎತ್ತಿ ಬೆನ್ನು ಹರಡಿದಳು. ಪೋಸ್ಟರಿನವಳು ಹೀಗೇ ನಿಂತಿದ್ದಳಲ್ಲವೇ ಎಂದು ನೆನಪಾಗಿ, ತೋಳನ್ನು ಇನ್ನೊಂದಿಷ್ಟು ಮೇಲಕ್ಕೆತ್ತಿದಳು. ಹಿಂದಿನಿಂದ ಮೂಲೆ ಮೇಜಿನವಳ ದನಿ ಕೇಳಿತು: “ಅಕ್ಕಾ, ಒಂದು ಸುಕ್ಕಿಲ್ಲ!” ಅದರ ಹಿಂದೆಯೇ ಸೂಪರ್‌ವೈಸರನ ಸಿಳ್ಳೆ.

ಜಡ್ಜುಗಳು ನಾಲ್ಕು ಜನರನ್ನು ನಡುವಿಗೆ ಕರೆದರು. ಮೊದಲ ಸ್ಥಾನಗಳಿಗಾಗಿ ಹೋಲಿಸಿ ನೋಡುವುದು ಆ ನಾಲ್ವರನ್ನೇ. ಅವಳ ನಂಬರೂ ಕೇಳಿಬಂತು. ಅವಳು ಕದಲದ್ದು ಕಂಡು ಪಕ್ಕದವಳು ಮೊಣಕೈಯಿಂದ ತಿವಿದು, “ನೀವೇ ಅಕ್ಕ, ಹೋಗಿ” ಎಂದಳು.

ಕೊನೆಗೆ ನಾಲ್ಕನೇ ಸ್ಥಾನ ಬಂತು. ಬಹುಮಾನದ ಕಪ್‌ಗಳು ಮೊದಲ ಮೂವರಿಗೇ ಮುಗಿದಿದ್ದವು. ಅವಳಿಗೆ ಸಿಕ್ಕಿದ್ದು ಒಂದು ಹಾಳೆಯ ಸರ್ಟಿಫಿಕೇಟು. ಅತ್ತೆ ಮಾತ್ರ ಸಭಾಂಗಣದಲ್ಲಿ ಸಿಕ್ಕಸಿಕ್ಕವರಿಗೆಲ್ಲ, “ಆ ಹಸಿರು ಬಟ್ಟೆಯವಳು ನಮ್ಮವಳು. ಹೊಲಿದಿದ್ದು ನಾನು” ಎನ್ನುತ್ತಿದ್ದರು.

ಬಟ್ಟೆ ಬದಲಾಯಿಸಿ ಬಂದ ಇಸ್ತ್ರಿಯಕ್ಕ ಮೇಷ್ಟ್ರ ಜೊತೆ ಜಡ್ಜಮ್ಮನ ಹತ್ತಿರ ಹೋದಳು. “ಮೇಡಂ, ನನ್ನ ಎರಡೂ ಕಡೆ ಸಮ ಇತ್ತಾ?”

ಜಡ್ಜಮ್ಮ ತಮ್ಮ ಕಾಗದ ತಿರುವಿದರು. “ಮೊದಲ ಸಲಕ್ಕೆ ತುಂಬಾ ಚೆನ್ನಾಗಿ ನಿಂತ್ರಿ. ತೋಳು ಸರಿಯಾಗಿದೆ. ಬೆನ್ನು ತಿರುಗಿಸಿದಾಗ ಮಾತ್ರ ಒಂದು ಸಣ್ಣ ವ್ಯತ್ಯಾಸ. ಎಡ ಭುಜ ಬಲಕ್ಕಿಂತ ಸ್ವಲ್ಪ ಜಾಸ್ತಿ. ನೀವು ಎಡಗೈಯವರಾ?”

ಇಸ್ತ್ರಿಯಕ್ಕ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಟೇಪು ಸುತ್ತಿದ್ದು ತೋಳಿಗೆ; ಭುಜದ ಕಡೆ ಅವರು ಕಣ್ಣು ಹಾಯಿಸಿರಲೇ ಇಲ್ಲ. ಇಬ್ಬರಿಗೂ ಒಟ್ಟಿಗೇ ನಗು ಒತ್ತರಿಸಿಕೊಂಡು ಬಂತು. ಬಿದ್ದು ಬಿದ್ದು ನಕ್ಕರು. ಜಡ್ಜಮ್ಮನಿಗೆ ತಾನೇನು ಅಂದೆನೆಂದೇ ತಿಳಿಯಲಿಲ್ಲ.

“ಮುಂದಿನ ವರ್ಷ ಬನ್ನಿ” ಎಂದರು ಅವರು, ತಾವೂ ನಗುತ್ತಾ.

“ಬರದೇ ಇರ್ತೀನಾ ಮೇಡಂ?”

ಮನೆಗೆ ಹೋಗುವ ದಾರಿಯಲ್ಲಿ ಬೇಕರಿಯ ಮುಂದೆ ನಿಂತು ಇಸ್ತ್ರಿಯಕ್ಕ ಮೂರು ಬಿಸಿ ಬನ್ ತಿಂದಳು. ಗಂಡ ಎಣಿಸಲಿಲ್ಲ. ಅತ್ತೆ ಎಣಿಸಿ, ನಾಲ್ಕನೆಯದನ್ನು ತಾವೇ ಕೊಡಿಸಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳು ಸೂಪರ್‌ವೈಸರನ ಮುಂದೆ ನಿಂತಿದ್ದಳು. ಕಿವಿಯ ಹಿಂದೆ ಕಂದು ಬಣ್ಣ ಇನ್ನೂ ಉಳಿದಿತ್ತು.

“ಸಾರ್, ಒಂದು ಬದಲಾವಣೆ. ಇನ್ಮೇಲೆ ಬೆಳಿಗ್ಗೆ ಆಸ್ಪತ್ರೆ ಕೋಟು ಬಲಗೈಯಲ್ಲಿ. ಊಟ ಆದ್ಮೇಲೆ ಹೋಟೆಲ್ ಕೋಟು ಎಡಗೈಯಲ್ಲಿ. ಅರ್ಧ ಅರ್ಧ.”

ಸೂಪರ್‌ವೈಸರ್ ಅವಳನ್ನೂ ಕೋಟಿನ ರಾಶಿಯನ್ನೂ ನೋಡಿದ.

“ಅಕ್ಕ, ಮತ್ತೆ ಡಾಕ್ಟ್ರ ಹತ್ರ ಊಟಕ್ಕೇನು ಅಂತ ಯಾರೂ ಕೇಳಬಾರದು.”

“ಕೇಳಲ್ಲ ಬಿಡಿ. ಈಗ ಎರಡೂ ಕೈಗೆ ಅವುಗಳ ಕೆಲಸ ಗೊತ್ತು.”

ಅವಳು ಪೆಟ್ಟಿಗೆಯನ್ನು ಬಲಗೈಗೆ ತೆಗೆದುಕೊಂಡಳು. ಹನ್ನೊಂದು ವಾರ ರಜೆಯಲ್ಲಿದ್ದ ಕೈ ಮೊದಲ ಕೋಟಿಗೆ ಸ್ವಲ್ಪ ತಡವರಿಸಿತು. ಅವಳು ಅದನ್ನು ಮಡಿಸಿ, ಮಡಿಕೆ ಎತ್ತ ಬಿತ್ತೆಂದು ಒಮ್ಮೆ ಬಗ್ಗಿ ನೋಡಿದಳು. ಬಲಕ್ಕೆ. ಎರಡನೆಯದನ್ನು ಎಳೆದುಕೊಂಡಳು.